ಅಮ್ಮನ ಎಲೆಯಲ್ಲಿ ಕೊನೆಯ ಊಟ

ಬಾಳೆಲೆ ಮೇಲೆ ಬಿಸಿ ಅನ್ನ ಬಿದ್ದ ವಾಸನೆಗೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಬಸವನಗುಡಿಯ ಛತ್ರದಲ್ಲಿ ಅವತ್ತು ನನ್ನ ಮುಂಜಿ. ಹಿಂದಿನ ಸಂಜೆ ಮಾವ ಡೈನೋಸಾರ್ ಪುಸ್ತಕದಲ್ಲಿ ಒಂದು ಚಿತ್ರ ತೋರಿಸಿ ಹೇಳಿದ್ದ: "ಮರಿಯಾಗಿದ್ದಾಗ ಇದು ಸಣಕಲು ಕಣೋ, ಓಡಿ ಹಲ್ಲಿ ಹಿಡಿದು ತಿನ್ನತ್ತೆ. ಬಲಿತ ಮೇಲೆ ಗರಗಸದಂಥ ಹಲ್ಲಲ್ಲಿ ದೊಡ್ಡ ಪ್ರಾಣಿಗಳ ಮೂಳೆನೇ ಮುರಿಯತ್ತೆ."

ಶಾಸ್ತ್ರದ ಪ್ರಕಾರ ಅಮ್ಮ ತನ್ನ ಎಲೆಯಿಂದಲೇ ನನಗೆ ತುತ್ತು ಕೊಡುತ್ತಿದ್ದಳು. "ಚೆನ್ನಾಗಿ ತಿನ್ನು ಮಗು. ಇನ್ಮೇಲೆ ನೀನು ದೊಡ್ಡವನು, ಅಮ್ಮನ ಎಲೇಲಿ ಊಟ ಇಲ್ಲ," ಎಂದರು ಅಜ್ಜಿ. ಎಲ್ಲರೂ ನಕ್ಕರು.

ಹಾಲುಹಲ್ಲು ಬಿದ್ದ ಜಾಗವನ್ನು ನಾಲಿಗೆಯಿಂದ ತಡವಿದೆ. ಹೊಸ ಹಲ್ಲಿನ ಅಂಚು ಗರಗಸದ ಹಾಗೇ ಇತ್ತು. ಅಮ್ಮನ ಬೆರಳು ಹತ್ತಿರ ಬಂತು. ಅದರ ಮೂಳೆ ಮುರಿದುಬಿಟ್ಟರೆ? ತುಟಿ ಬಿಗಿದುಕೊಂಡೆ.

"ಯಾಕೋ, ಹೊಟ್ಟೆ ತುಂಬಿತಾ?"

ಬಾಯಿ ತೆರೆಯದೆ ಹೌದೆಂದು ತಲೆಯಾಡಿಸಿದೆ.