ಯಾರ ಕಾಲು

"ಗಾಡಿಗೆ ಏನೂ ಆಗ್ಲಿಲ್ಲ ಅಕ್ಕ, ನಿಮ್ಮ ಕಾಲಿನದ್ದೇ ತೊಂದರೆ," ಎಂದು ಮೆಕ್ಯಾನಿಕ್ ಉಜ್ವಲ್ ವ್ಯಾನಿಗೆ ಸಿಕ್ಕಿಸಿದ್ದ ಸ್ಕ್ಯಾನರನ್ನು ಡ್ರೈವರ್ ಸೀಟಿನಲ್ಲಿದ್ದ ಚಿತ್ರಾಕ್ಷಿಗೆ ತೋರಿಸಿದ. "ನೋಡಿ, ಗಾಡಿಯ ಕಂಪ್ಯೂಟರ್ ಇಪ್ಪತ್ತೈದು ಪರ್ಸೆಂಟ್ ಹೆಚ್ಚು ಪೆಟ್ರೋಲ್ ಹಾಕ್ತಾ ಉಂಟು. ನೀವು ಸುಮ್ಮನೆ ಆಕ್ಸಿಲರೇಟರ್ ತುಳಿದರೆ ಅದೇನು ಮಾಡುವುದು? ಮನೆಯವರನ್ನು ಕಳಿಸಿ, ಅವರಿಗೆ ಹೇಳ್ತೇನೆ."

ಹೋದ ಸಲವೂ ಇದನ್ನೇ ಹೇಳಿ ಕಳಿಸಿದ್ದ. ಇವತ್ತು ಶಿರ್ತಾಡಿಯಲ್ಲಿ ಶಾಲೆಮಕ್ಕಳನ್ನು ಹತ್ತಿಸಲು ನಿಲ್ಲಿಸಿದಲ್ಲೆಲ್ಲ ವ್ಯಾನ್ ಆಫ್ ಆಗಿತ್ತು. ನಾಳೆಯೂ ಹೀಗಾದರೆ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆಂದು ಮಕ್ಕಳ ತಾಯಂದಿರು ಹೇಳಿಯಾಗಿತ್ತು. ಚಿತ್ರಾಕ್ಷಿ ಎಂಜಿನ್ ಓಡುತ್ತಿರುವಂತೆಯೇ ಸೀಟಿನಿಂದ ಇಳಿದು ಬಾಗಿಲನ್ನು ದಢಾರನೆ ಹಾಕಿದಳು. ಕಿಟಕಿಯೊಳಗೆ ಕೈಹಾಕಿ ಸ್ಕ್ಯಾನರ್ ಎತ್ತಿ ಅವನ ಮೂಗಿನ ಮುಂದೆ ಹಿಡಿದಳು. ಸಂಖ್ಯೆ ಇಪ್ಪತ್ತೈದರಲ್ಲೇ ನಿಂತಿತ್ತು.

"ಈಗ ತುಳಿಯುವುದು ಯಾರು ಮಾರಾಯ? ನನ್ನ ಗಂಡನಾ?"

ಉಜ್ವಲ್ ಖಾಲಿ ಸೀಟನ್ನು ನೋಡಿದ. ಪಕ್ಕದ ಸೀಟನ್ನೆತ್ತಿ, ಕೆಳಗಿದ್ದ ಎಂಜಿನ್ನಿಗೆ ಕಿವಿಗೊಟ್ಟ. ಸುಂಯ್ ಎನ್ನುತ್ತಿದ್ದ ರಬ್ಬರ್ ಪೈಪಿನ ಬಿರುಕಿಗೆ ಬೆರಳೊತ್ತಿದಾಗ ಅವಳ ಕೈಯಲ್ಲಿದ್ದ ಸ್ಕ್ಯಾನರಿನ ಸಂಖ್ಯೆ ಇಳಿಯತೊಡಗಿತು. "ಇಲ್ಲಿಂದ ಗಾಳಿ ಎಳೀತಾ ಉಂಟು. ಅದಕ್ಕೇ ಪೆಟ್ರೋಲ್ ಹೆಚ್ಚು, ಅದಕ್ಕೇ ಗಾಡಿ ಆಫ್ ಆಗುವುದು," ಎಂದು ಎಂಜಿನ್ನಿಗೇ ಹೇಳುವವನಂತೆ ಗೊಣಗಿದ.

"ತಲೆ ಎತ್ತಿ ಹೇಳಿ," ಎಂದಳು ಚಿತ್ರಾಕ್ಷಿ. "ನನಗೆ ಹೇಳಿ."