ಉಡಿದಾರದ ತುದಿ

ವರ್ಷ ತುಂಬುವವರೆಗೆ ಕೂಸುಗಳಿಗೆ ಭಾರ ಬರುವುದಿಲ್ಲ, ಬಿಟ್ಟರೆ ಮೇಲೇರುತ್ತವೆ. ಅದಕ್ಕೇ ನೀಲವ್ವ ಫ್ಯಾನು ಬಿಚ್ಚಿಸಿ, ತಲೆಗೆ ಪೆಟ್ಟಾಗದಂತೆ ಜಂತಿಗಳಿಗೆ ಮೆತ್ತನೆಯ ಕೌದಿ ಕಟ್ಟಿಸಿದ್ದಳು. ಮಗಳು ಅಲ್ಲೇ ತಲೆಕೆಳಗಾಗಿ ಅಂಬೆಗಾಲಿಡುತ್ತಿದ್ದಳು. ಅವಳ ಉಡಿದಾರದ ಇನ್ನೊಂದು ತುದಿ ಸದಾ ತಾಯಿಯ ಮಣಿಕಟ್ಟಿನಲ್ಲಿರುತ್ತಿತ್ತು. ಅಂಗಳದಲ್ಲಿ ದಾರ ಬಿಚ್ಚಿಕೊಂಡು ಹಿರಿಯ ಮಗ ಮೇಲೇರಿ ಹೋದಂದಿನಿಂದ ನೀಲವ್ವ ತಲೆಯೆತ್ತಿ ಆಕಾಶ ನೋಡಿರಲಿಲ್ಲ.

ಹುಟ್ಟುಹಬ್ಬ ಹತ್ತಿರವಾದಾಗ, ಒಂದು ಮುಂಜಾನೆ ಕೂಸು ಮೆಲ್ಲಗೆ ನೆಲಕ್ಕಿಳಿದು ಕೂತಿತು.

“ಭಾರ ಬಂತು. ಇನ್ನ ದಾರ ಬಿಚ್ಚವಾ,” ಎಂದರು ಅತ್ತೆ.

“ಇನ್ನೊಂದಿನ ಇರಲಿ ಬಿಡ್ರಿ, ಅತ್ತಿ.”

ಅಷ್ಟರಲ್ಲಿ ಕೂಸು ಮುಖವೆತ್ತಿ ತಾಯಿಯತ್ತ ಎರಡೂ ಕೈ ಚಾಚಿತು. ಎತ್ತಿಕೋ ಎಂದು ಅದು ಕೇಳಿದ್ದು ಅದೇ ಮೊದಲು.

ನೀಲವ್ವ ದಾರ ಬಿಚ್ಚಿದಳು. ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ತಲೆಯೆತ್ತಿದಳು.

“ಅಲ್ಲಿ ನೋಡವಾ, ನಿಮ್ಮಣ್ಣ ಅಲ್ಲೇ ಅದಾನ.”