ನಾಲ್ಕನೆಯ ಪುಟದ ಫೋಟೊ

"ಇದನ್ನ ಯಾರನ್ನ ಕೇಳಿ ಹಾಕಿದ್ರಿ?"

ಶಾಲೆಯ ವಾರಪತ್ರಿಕೆ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ರಪ್ಪನೆ ಬಿತ್ತು. ನಾಲ್ಕನೆಯ ಪುಟದಲ್ಲಿ ಒಂದನೆಯ ತರಗತಿಯ ಮಕ್ಕಳು ಕುಂಡಕ್ಕೆ ಬೀಜ ಹಾಕುತ್ತಿದ್ದರು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿ, ಹಲ್ಲು ಬಿದ್ದ ಬಾಯಿ ತುಂಬ ನಗು.

ಮುಖ್ಯೋಪಾಧ್ಯಾಯಿನಿಗೆ ಪೋಷಕರು ಇಟ್ಟ ಹೆಸರು ನೋಟೀಸಮ್ಮ. ಮಕ್ಕಳು ಉಗುರು ಬಿಟ್ಟರೆ ನೋಟೀಸು, ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿದರೆ ನೋಟೀಸು, ಊಟದ ಡಬ್ಬಿ ಸೋರಿದರೂ ನೋಟೀಸು. ಆ ಹೆಸರು ಆಕೆಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಜೋರು ಮಾಡಿಕೊಂಡು ಬಂದವರಿಗೆ ಅವರದೇ ಸಹಿ ತೋರಿಸಿ ಬಾಯಿ ಮುಚ್ಚಿಸುವುದು ಆಕೆಯ ವಾಡಿಕೆ. ಗುಮಾಸ್ತನಿಗೆ ಹೇಳಿ, ಆ ಹುಡುಗಿಯನ್ನು ಸೇರಿಸುವಾಗ ಬರೆಸಿಕೊಂಡ ಒಪ್ಪಿಗೆ ಪತ್ರ ತರಿಸಿದಳು.

ಪತ್ರದಲ್ಲಿ 'ಮಗುವಿನ ಫೋಟೊ ಪ್ರಕಟಿಸಬಾರದು' ಎಂಬ ಸಾಲಿನ ಮುಂದೆ ಗುರುತಿತ್ತು. ಪೆನ್ನು ಒತ್ತಿದ ರಭಸಕ್ಕೆ ಕಾಗದ ತೂತಾಗಿತ್ತು.

"ತಪ್ಪಾಯ್ತು," ಎಂದಳು ನೋಟೀಸಮ್ಮ. ಆ ಕೋಣೆ ಈ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು.

"ನಿಮ್ಮ ತಪ್ಪು ಕಟ್ಕೊಂಡು ನಾನೇನ್ ಮಾಡ್ಲಿ?" ಎಂದಳು ಬಂದವಳು. "ಇದು ಈಗಾಗ್ಲೇ ಫೋನಿಂದ ಫೋನಿಗೆ ಹೋಗಿರುತ್ತೆ. ಅವನ ಕಣ್ಣಿಗೆ ಬಿದ್ರೆ?"

"ಯಾರು, ಅವಳ ಅಪ್ಪಾನಾ?"

ಹೆಂಗಸು ತಲೆ ತಗ್ಗಿಸಿದಳು. "ಅವನು ಬಂದ್ರೆ ಅಳ್ತಾನೆ, ಕಾಲಿಗೆ ಬೀಳ್ತಾನೆ. ಮಗುನ ನಾನು ಕದ್ಕೊಂಡು ಬಂದೆ ಅಂತಾನೆ. ಎರಡು ವರ್ಷದಿಂದ ಹೋದಲ್ಲೆಲ್ಲ ಅದನ್ನೇ ಹೇಳ್ಕೊಂಡು ತಿರುಗ್ತಿದಾನೆ."

ನೋಟೀಸಮ್ಮನಿಗೆ ಎಲ್ಲವೂ ಅರ್ಥವಾಯಿತು. ಶಾಲೆಗೆ ಸೇರಿಸಿದ ದಿನ ಜನನ ಪತ್ರವಿರಲಿಲ್ಲ, ಲಸಿಕೆ ಚೀಟಿಯಿರಲಿಲ್ಲ. ಉಟ್ಟ ಬಟ್ಟೆಯಲ್ಲಿ ಬಂದೆವು ಎಂದಿದ್ದಳು. ಮಗುವಾಗಿದ್ದಾಗಿನ ಫೋಟೊ ಕಳಿಸಿ ಎಂದು ನೋಟೀಸು ಹೋದಾಗ ತರಗತಿಯ ಗೋಡೆಯಲ್ಲಿ ಖಾಲಿ ಉಳಿದದ್ದು ಈ ಹುಡುಗಿಯ ಜಾಗವೊಂದೇ. ಹಾಜರಿ ಕೂಗುವಾಗ ಹೆಸರನ್ನು ಎರಡೆರಡು ಸಲ ಕೂಗಬೇಕು, ಕಿವಿ ಮಂದವೇನೋ ಎಂದು ಟೀಚರ್ ದೂರಿದ್ದಳು. ಪಾಪದ್ದು, ಹೆದರಿದ ಮಕ್ಕಳು ಹಾಗೇ ಇರುತ್ತವೆ.

ಆಕೆಗೆ ಇನ್ನೊಂದು ಮಗು ನೆನಪಾಯಿತು. ಬಹಳ ವರ್ಷಗಳ ಹಿಂದೆ ಒಬ್ಬ ಅಪ್ಪ ನಯವಾಗಿ ಮಾತಾಡಿ ಇದೇ ಗೇಟಿನಿಂದ ಮಗನನ್ನು ಕರೆದೊಯ್ದಿದ್ದ. ಸಂಜೆ ಬಂದ ತಾಯಿ ಈ ಕೋಣೆಯ ನೆಲದ ಮೇಲೆ ಬಿದ್ದು ಹೊರಳಾಡಿದ್ದಳು. ಕೊಟ್ಟು ಕಳಿಸಿದ್ದು ತಾನೇ ಎಂಬ ಸಂಕಟ ಇಂದಿಗೂ ಆಕೆಯನ್ನು ತಿನ್ನುತ್ತಿತ್ತು.

"ಬರಲಿ ಅವನು," ಎಂದಳು. "ನನ್ನನ್ನ ದಾಟ್ಕೊಂಡು ಹೋಗ್ಲಿ, ನೋಡೋಣ."

ಅಂದೇ ಎರಡು ನೋಟೀಸು ಹೊರಟವು. ಮುದ್ರಣ ದೋಷದ ಕಾರಣ ಈ ವಾರದ ಪತ್ರಿಕೆಯನ್ನು ಹಿಂದಿರುಗಿಸಬೇಕು, ಫೋನಿನಲ್ಲಿದ್ದರೆ ಅಳಿಸಬೇಕು. ಗುರುತಿನ ಚೀಟಿ ಇಲ್ಲದವರಿಗೆ, ಅವರು ಯಾರೇ ಆಗಿರಲಿ, ಮಗುವನ್ನು ಒಪ್ಪಿಸಲಾಗುವುದಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಅವನು ಬಂದೇಬಿಟ್ಟ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಹೆಚ್ಚುಕಡಿಮೆಯಾಗಿತ್ತು, ಕೈಯಲ್ಲಿ ನಾಲ್ಕನೆಯ ಪುಟವಿತ್ತು. ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದ. ಜೊತೆಗೊಬ್ಬ ಹೆಂಗಸು. ಅಂಗಳದಲ್ಲಿ ಆಡುತ್ತಿದ್ದ ಒಂದೊಂದು ಹುಡುಗಿಯ ಮುಖವನ್ನೂ ನೋಡುತ್ತ ನಿಂತಿದ್ದಳು. ಆಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ಎಂದುಕೊಂಡಳು ನೋಟೀಸಮ್ಮ. ಮೈ ಉರಿಯಿತು.

ಗೇಟು ತೆಗೆಯಬೇಡ ಎಂದು ಕಾವಲುಗಾರನಿಗೆ ಹೇಳಿ, ಸಂದರ್ಶಕರ ಪುಸ್ತಕವನ್ನು ಸರಳಿನ ಸಂದಿಯಿಂದ ಕೊಡಿಸಿದಳು.

"ಬಂದ ಕಾರಣ ವಿವರವಾಗಿ ಬರೀರಿ."

"ಬರಿಯೋದೇನ್ರೀ? ನನ್ನ ಮಗಳು ಒಳಗಿದಾಳೆ. ಆ ಹೆಂಗಸು ಕದ್ಕೊಂಡು ಬಂದಿದಾಳೆ."

"ಅದನ್ನೇ ಬರೀರಿ. ಅಕ್ಷರ ದುಂಡಗಿರಲಿ."

ಅವನು ಬರೆಯುವಷ್ಟರಲ್ಲಿ ನೋಟೀಸಮ್ಮ ಒಳಗೆ ಹೋಗಿ, ಅಂದು ಪತ್ರಿಕೆ ಹಿಡಿದು ಬಂದಿದ್ದವಳಿಗೆ ಫೋನು ಮಾಡಿದಳು. ಹತ್ತೇ ನಿಮಿಷದಲ್ಲಿ ಶಾಲೆಯ ಹಿಂದಿನ ಓಣಿಗೆ ಆಟೋ ಬಂತು. ಒಳಗೆ ಕೂತವಳ ಹೆಗಲಿಗೆ ದೊಡ್ಡ ಚೀಲ, ಮೊದಲೇ ಕಟ್ಟಿಟ್ಟಂತಿತ್ತು. ನೋಟೀಸಮ್ಮ ಎರಡು ಜಡೆಯ ಹುಡುಗಿಯ ಕೈಹಿಡಿದು ಹಿಂಬಾಗಿಲಿನಿಂದ ಕರೆತಂದು ಆಟೋದಲ್ಲಿ ಕೂರಿಸಿದಳು.

"ನಾಳೆ ನನ್ನ ಗಿಡಕ್ಕೆ ಯಾರು ನೀರ್ ಹಾಕ್ತಾರೆ?" ಎಂದಿತು ಮಗು.

"ನಾನೇ ಹಾಕ್ತೀನಿ ಪುಟ್ಟ," ಎಂದಳು ನೋಟೀಸಮ್ಮ. "ಎಲ್ಲಿಗೆ ಹೋಗ್ತೀರಿ ಅಂತ ನನಗೂ ಹೇಳಬೇಡಿ," ಎಂದು ಹೆಂಗಸಿಗೆ ಹೇಳಿದಳು. ಹೆಂಗಸು ಹೇಳಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ನೋಡಿದಳು. ಎದೆಯ ಮೇಲಿನ ಹಳೆಯ ಭಾರವೊಂದು ಇಳಿದಂತಾಗಿ ಕಣ್ಣು ತುಂಬಿ ಬಂತು.

ಗೇಟಿಗೆ ಮರಳಿದಾಗ ಆಕೆಯ ನಡಿಗೆಯೇ ಬೇರೆಯಾಗಿತ್ತು.

"ಪೊಲೀಸರನ್ನ ಕರೀತೀನಿ," ಎಂದಳು.

"ನಾನೇ ಕರೆದಿದೀನಿ. ದಾರೀಲಿದಾರೆ," ಎಂದ ಅವನು.

"ಇದೆಂಥ ನಾಟಕ? ಬರಲಿ. ನಿಮ್ಮಂಥವರನ್ನ ನಾನು ನೋಡಿಲ್ವಾ? ಮಗು ಇಲ್ಲಿಲ್ಲ. ಅದರ ತಾಯಿ ಬಂದು ಕರ್ಕೊಂಡು ಹೋದಳು. ನಾನೇ ಕೈಯಾರೆ ಒಪ್ಪಿಸಿ ಕಳಿಸಿದೆ."

ಅವನ ಕೈ ಸರಳಿನಿಂದ ಜಾರಿತು. ಪಕ್ಕದಲ್ಲಿದ್ದ ಹೆಂಗಸು ಅಲ್ಲೇ ನೆಲಕ್ಕೆ ಕುಸಿದಳು.

"ಮೇಡಂ," ಎಂದ ಅವನು, ಅವಳನ್ನು ಎತ್ತಲು ಬಾಗುತ್ತ, "ಅದರ ತಾಯಿ ಇವಳು."